ಕೆಂಪರಾಜ ಓಡುವ ಪಟ್ಟಿ ನಿಲ್ಲಿಸಿದ್ದು

ಪೆದ್ದರಲ್ಲೂ ತರಾವರಿ ಇರ್ತಾರೆ ಕಣ್ರಪ್ಪಾ. ನಮ್ಮ ಕೆಂಪರಾಜ ಹೇಳಿದ ಮಾತು ಮೀರದ ಪೆದ್ದ! ಅವನವ್ವ ಚಿಕ್ಕತಾಯಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಪುಕ್ಕಟೆ ಆಪರೇಷನ್ನಿಗೆ ಆರಿಸಿದವರ ಪಟ್ಟಿ ಕಂಪ್ಯೂಟರಿನಲ್ಲಿ ಬಂದಿತ್ತು. ಹೆಸರಿದ್ದವರನ್ನ ನಾಳೆ ಬೆಳಗ್ಗೆ ಬಸ್ಸು ಕರ್ಕೊಂಡು ಹೋಗುತ್ತೆ, ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಪಕ್ಕದ ಮನೆ ಶಾಂತಮಲ್ಲಪ್ಪ ಮೇಷ್ಟ್ರು ತಮ್ಮ ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೆಗೆದು, ಅದನ್ನ ಇವರ ಮಂಚದ ಮೇಲಿಟ್ಟು ಹೋದರು. ದೇವರಂಥ ಮನುಷ್ಯ!

"ನೋಡಪ್ಪ ಮಗನೆ, ನನ್ನ ಹೆಸರೈತಾ?"

ಮೇಷ್ಟ್ರು ತೋರಿಸಿದ ಹಾಗೆ ಕೆಂಪರಾಜ ಟಚ್‌ಪ್ಯಾಡಿನ ಮೇಲೆ ಎರಡು ಬೆರಳಿಟ್ಟು ಸವರಿದ. ಸರ್ರನೆ ಓಡಿತು ಪಟ್ಟಿ! ಇಡೀ ತಾಲ್ಲೂಕಿನ ಹೆಸರು ಕಣ್ಣೆದುರಿಗೇ ಹಾರಿಹೋಯಿತು.

"ಲೋ ಮಂಕುಮುಂಡೇದೆ! ಬೆರಳನ್ನ ಮೆಲ್ಲಗೆ ತಾಗಿಸಬೇಕು ಕಣೋ! ಹೋಗು, ಮೇಷ್ಟ್ರನ್ನ ಕರ್ಕೊಂಡು ಬಾ."

ಹೋದ. ಮೇಷ್ಟ್ರ ಬಾಗಿಲಿಗೆ ಬೆರಳನ್ನ ಮೆಲ್ಲಗೆ ತಾಗಿಸಿದ. ಮತ್ತೆ ಮೆಲ್ಲಗೆ ತಾಗಿಸಿದ. ಅರ್ಧ ಗಂಟೆ ತಾಗಿಸಿ ತಾಗಿಸಿ ವಾಪಸ್ ಬಂದ.

"ಯಾರೂ ಬರಲಿಲ್ಲ ಕಣವ್ವ."

"ಅಯ್ಯೋ ನನ್ನ ಕರ್ಮವೇ! ಜೋರಾಗಿ ಬಡೀಬೇಕು ಕಣೋ, ಒಳಗಿರೋರಿಗೆ ಕೇಳೋ ಹಂಗೆ!"

ಆಗಲಿ ಅಂದ. ಲ್ಯಾಪ್‌ಟಾಪಿನ ಮುಂದೆ ಕೂತು, ಮುಷ್ಟಿ ಕಟ್ಟಿ, ಟಚ್‌ಪ್ಯಾಡಿಗೆ ಧಬಧಬ ಬಡಿದ! "ಯಾರಿದ್ದೀರಿ ಒಳಗೆ? ನಮ್ಮವ್ವನ ಹೆಸರು ಹೇಳ್ರಪ್ಪೋ!" ಆ ಸದ್ದಿಗೆ ಮೇಷ್ಟ್ರೇ ಓಡಿಬಂದರು.

"ಹೊಡೀಬೇಡವೋ! ಸ್ಕ್ರೋಲ್ ವೇಗ ಜಾಸ್ತಿ ಐತೆ ಅಷ್ಟೆ. ಸೆಟ್ಟಿಂಗ್ಸಿನಲ್ಲಿ ವೇಗದ ಗೆರೆ ಐತೆ ನೋಡು. ಎಡಗಡೆಗೆ ಎಳಿ, ನಿಧಾನ ಆಗುತ್ತೆ."

ಕೆಂಪರಾಜ ಲ್ಯಾಪ್‌ಟಾಪನ್ನೇ ಎಡಗಡೆಗೆ ಎಳೆದ. ಇನ್ನೂ ಎಳೆದ. ಮಂಚದಿಂದ ಬೀಳೋ ಹೊತ್ತಿಗೆ ಮೇಷ್ಟ್ರು ಹಾರಿ ಹಿಡಿದರು! ಪುಣ್ಯಕ್ಕೆ ಅವರೇ ವೇಗ ತಗ್ಗಿಸಿಕೊಟ್ಟು, "ಈಗ ಓದು, ಒಂದು ಹೆಸರೂ ಬಿಡಬೇಡ" ಅಂದರು.

ಪಟ್ಟಿ ಈಗ ಎಮ್ಮೆ ಕೆರೆಗೆ ಇಳಿದಂಗೆ ಇಳೀತು. ಓದಿದ, ಓದಿದ, ಓದಿದ. ನಮ್ಮೂರಿನ ಹೆಸರು ಏಳು ಬಂದವು. ಏಳನೇದು ಚಿಕ್ಕತಾಯಮ್ಮ!

ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ನಿಮ್ಮ ಹೊಟ್ಟೆ ತಣ್ಣಗಿರಲಿ ಮೇಷ್ಟ್ರೆ! ಲೋ ಮಗ, ಉಳಿದೋರೂ ನನ್ನಂಗೇ ಕಣ್ಣು ಕಾಣದೋರು, ಪಾಪ. ಪಟ್ಟೀಲಿ ಫೋನ್ ನಂಬರೈತಲ್ಲ, ನಮ್ಮೂರೋರು ಒಬ್ಬರನ್ನೂ ಬಿಡದೆ ಫೋನ್ ಮಾಡಿ ತಿಳಿಸು" ಅಂತ ತನ್ನ ಫೋನು ಕೊಟ್ಟಳು.

ಆರು ಜನಕ್ಕೂ ಮಾಡಿದ. ಆರು ಜನವೂ ಹರಸಿದರು. "ಪುಣ್ಯಾತ್ಮ, ನೂರು ವರ್ಷ ಬಾಳಪ್ಪ!" ಅವ್ವ ಹಿಗ್ಗಿ ಹೀರೆಕಾಯಾದಳು. "ನಿನ್ನ ಹೆತ್ತಿದ್ದಕ್ಕೂ ಸಾರ್ಥಕವಾಯ್ತು ಕಣೋ!"

ಏಳನೇ ನಂಬರು ಒತ್ತಿದ. ಬಿಜಿ! ಮತ್ತೆ ಒತ್ತಿದ. ಬಿಜಿ!

"ಯಾರದಲೋ ಅದು?"

"ನಿಂದೇ ಕಣವ್ವ! ಯಾರ ಜೊತೆ ಇಷ್ಟೊತ್ತು ಮಾತಾಡ್ತಿದ್ದೀಯ?"

"ನಾನಿಲ್ಲೇ ಕೂತಿದ್ದೀನಲ್ಲೋ! ನಂಗೆ ಗೊತ್ತಾಯ್ತು, ಬಿಡು."

"ಒಬ್ಬರನ್ನೂ ಬಿಡಬಾರದು ಅಂತ ನೀನೇ ಅಂದೆ!"

ಅವ್ವನ ಫೋನು ಜೇಬಿಗಿಳಿಸಿದ, ಮೇಷ್ಟ್ರ ಫೋನು ಇಸ್ಕೊಂಡು ಒತ್ತಿದ. ಈ ಸಲ ರಿಂಗಾಯಿತು. ಅವನ ಜೇಬೇ ಕೂಗಿಕೊಂಡಿತು.

"ಸ್ವಲ್ಪ ತಡಿಯವ್ವ, ಇಟ್ಟುಬಿಡಬೇಡ" ಅಂದ ಕೆಂಪರಾಜ. "ಯಾರೋ ನಂಗೆ ಫೋನ್ ಮಾಡ್ತಾವ್ರೆ!"