ಬಟ್ಟಲು ಮಾರಲು ಬಂದ ಚೆನ್ನೀರ

"ಕೇಳಿರಪ್ಪಾ ಕೇಳಿ! ಹೊಂಗೆಪಟ್ಟಣದ ಮಹಾಜನರೆಲ್ಲ ಕೇಳಿ! ಅರಸುಕುವರಿ ಹೊನ್ನಾಜಿಯವರ ತೋಟದಲ್ಲಿ ಹನ್ನೆರಡು ಜೇನುಗೂಡಿದ್ದವು, ಈಗ ಮೂರೇ ಉಳಿದಿವೆ. ಬಲ್ಲೆವು ಎಂದು ಬಂದವರೇ ಕೆಡಿಸಿ ಹೋಗಿದ್ದಾರೆ. ಇನ್ನು ಮುಂದೆ ತೋಟದ ಜೇನು ನೋಡಿಕೊಳ್ಳಬೇಕೆನ್ನುವವನು ಕುವರಿಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ತೋಟದ ಅಧಿಕಾರ, ಬೇಡಿದ್ದೊಂದು ವರ. ತಪ್ಪಿದವನಿಗೆ ಅದೇ ದಿನ ಹೊತ್ತು ಮುಳುಗುವಾಗ ತಲೆದಂಡ!"

ಡಂಗುರದಲ್ಲಿ ತಲೆದಂಡ ಅಂದಮೇಲೆ ಯಾರಾದರೂ ಹೋಗುತ್ತಾರೆಯೇ ಎಂದು ನೀವು ಕೇಳಬಹುದು. ವರ ಅಂದಮೇಲೆ ಯಾರಾದರೂ ಮನೆಯಲ್ಲಿ ಕೂರುತ್ತಾರೆಯೇ?

ಕುಂಬಾರ ಚೆನ್ನೀರ ಮಾತ್ರ ಒಗಟಿನ ಆಸೆಗೆ ಹೋದವನಲ್ಲ. ಅವನು ಅರಮನೆಗೆ ಹೋದದ್ದು ಮಣ್ಣಿನ ಬಟ್ಟಲು ಮಾರಲು. ವರದ ಆಸೆ ಇದ್ದದ್ದು ಅವನ ಅಣ್ಣ ಬೋರಣ್ಣನಿಗೆ. ತೀರಿಹೋದ ಅವ್ವ ಇಬ್ಬರಿಗೂ ಹಳೆಯ ಮಡಕೆಗಳಲ್ಲಿ ಜೇನು ಸಾಕುವುದನ್ನು ಕಲಿಸಿದ್ದಳು. ಚೆನ್ನೀರನ ಮಡಕೆಗಳಲ್ಲಿ ಜೇನು ನಿಲ್ಲುತ್ತಿತ್ತು, ಬೋರಣ್ಣನದು ವರ್ಷವರ್ಷವೂ ಹಾರಿಹೋಗುತ್ತಿತ್ತು. ಅದಕ್ಕೆಲ್ಲ ಅಕ್ಕಪಕ್ಕದವರ ಕಣ್ಣೇ ಕಾರಣ ಎಂದು ಬೋರಣ್ಣನ ವಾದ.

"ನೀನು ಬಟ್ಟಲು ಮಾರ್ಕೊಂಡು ಬಾ. ನಾನು ತೋಟ ಗೆದ್ಕೊಂಡು ಬತ್ತೀನಿ" ಎಂದು ಬೋರಣ್ಣ ಮುಂಡಾಸು ಸರಿಮಾಡಿಕೊಂಡ.

ತೋಟದ ಮಂಟಪದಲ್ಲಿ ದೊರೆ ಕೂತಿದ್ದ, ಪಕ್ಕದಲ್ಲಿ ಹೊನ್ನಾಜಿ. ಮೂರೂ ಉತ್ತರ ಕೇಳಿದ ಮೇಲೆ ಅವಳು ಸರಿ ಅಥವಾ ತಪ್ಪು ಎಂದಷ್ಟೇ ಹೇಳುತ್ತಾಳೆ, ಎಲ್ಲಿ ತಪ್ಪಿತು ಎಂದು ಹೇಳುವುದಿಲ್ಲ. ಕುವರಿಯ ದನಿ ಮೆತ್ತಗಿತ್ತು.

"ಗೇಣುದ್ದದ ಕೋಟೆ. ಅದರ ಕಂದಕದಲ್ಲಿ ಬೊಗಸೆ ನೀರು. ಸಾವಿರಾರು ಸೈನಿಕರು ಬಂದು ದಾಟಲಾರದೆ ಹಿಂದಿರುಗಿದರು. ಯಾರ ಸೈನ್ಯ ಅದು? ಇದು ಮೊದಲನೆಯದು. ಒಂದು ಮನೆಯಲ್ಲಿ ದಿನವೂ ಹೆರಿಗೆ, ಮನೆ ತುಂಬ ಗಂಡುಮಕ್ಕಳು. ಆದರೂ ವಂಶ ಅಳಿಯುತ್ತಿದೆ. ಯಾಕೆ? ಇದು ಎರಡನೆಯದು. ಮಳೆಗಾಲದಲ್ಲಿ ಮನೆಯ ಒಡೆಯನೇ ಬಾಡಿಗೆಯವರಿಗೆ ಬಾಡಿಗೆ ಕೊಟ್ಟ. ಹೊರಗಿಂದ ತಂದು ಕೊಡಲಿಲ್ಲ, ಅವರ ಕಣಜದಿಂದಲೇ ಕೊಟ್ಟ. ಏನು ಕೊಟ್ಟ? ಇದು ಮೂರನೆಯದು."

ದಳವಾಯಿಯ ಮಗ ಮೀಸೆ ತಿರುವುತ್ತ ಬಂದ. ಸೈನ್ಯ ಅಂದರೆ ಕರಡಿಯ ಹಿಂಡು, ಕರಡಿಗೆ ನೀರು ಕಂಡರೆ ಭಯ ಎಂದ. ಉಳಿದೆರಡು ಉತ್ತರಗಳೂ ಇದೇ ಅಂದದವು. ಭಟರು ಅವನನ್ನು ಕರೆದೊಯ್ದು ಮಂಟಪದ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ಆಮೇಲೆ ಬಂದ ಜೋಯಿಸ ಮೂರಕ್ಕೂ ಶನಿಯನ್ನೇ ಹೊಣೆ ಮಾಡಿದ. ಅವನನ್ನೂ ಕರೆದೊಯ್ದರು.

ಬೋರಣ್ಣ ಎದೆ ಸೆಟೆಸಿ ನಿಂತ. "ಮೊದ್ಲನೇದು ಇರುವೆ ಸೈನ್ಯ ತಾಯಿ. ಎರಡ್ನೇದು, ಆ ಮನೆಗೆ ರೋಗ ತಗುಲೈತೆ. ಮೂರ್ನೇದು ಬೆಲ್ಲದ ನೀರು. ಜೇನುತುಪ್ಪ ಎಲ್ಲಾ ಹಿಂಡ್ಕೊಂಡು, ಮಾರಿ, ಆ ದುಡ್ಡಲ್ಲೇ ಬೆಲ್ಲ ತಂದು ಇಟ್ರೆ ಅದು ಅವುಗಳ ಕಣಜದ್ದೇ ತಾನೆ?"

"ತಪ್ಪು" ಎಂದಳು ಹೊನ್ನಾಜಿ.

ಬೋರಣ್ಣನ ಮುಖ ಬಿಳಿಚಿತು. ಭಟರು ರಟ್ಟೆ ಹಿಡಿದು ಒಳಗೆ ಎಳೆದೊಯ್ಯುವಾಗ ಅವನು ತಿರುಗಿ ನೋಡಿದ್ದು ಬಟ್ಟಲ ಬುಟ್ಟಿಯ ಬಳಿ ನಿಂತಿದ್ದ ತಮ್ಮನನ್ನು. ಹೊತ್ತು ಆಗಲೇ ಹೊಂಗೆಮರದ ಕೊಂಬೆಗೆ ಇಳಿದಿತ್ತು. ಚೆನ್ನೀರ ಒಂದು ಬಟ್ಟಲು ಕೈಗೆತ್ತಿಕೊಂಡು ಮುಂದೆ ಬಂದ.

"ನಾನು ಹೇಳ್ಳಾ ತಾಯಿ?"

"ತಪ್ಪಿದರೆ ಏನೆಂದು ಗೊತ್ತೇನಪ್ಪ?" ಎಂದು ದೊರೆ ಕೇಳಿದ.

"ಗೊತ್ತು ಬುದ್ಧಿ. ಒಳಗಿರೋನು ನಮ್ಮಣ್ಣ."

ಚೆನ್ನೀರ ಬಟ್ಟಲನ್ನು ನೆಲದ ಮೇಲಿಟ್ಟ. "ಮೊದ್ಲನೇದು ಅಣ್ಣ ಹೇಳಿದ್ದೇ ಸರಿ, ಇರುವೆ. ಗೂಡಿಟ್ಟ ಮಣೆಯ ಕಾಲ್ಗಳ್ನ ಇಂಥ ನೀರಿನ ಬಟ್ಟಲಲ್ಲಿ ನಿಲ್ಸಿದ್ರೆ ಅವು ದಾಟಾಕಿಲ್ಲ. ಒಂದು ಹುಲ್ಲುಕಡ್ಡಿ ಅಡ್ಡ ಬಿದ್ರೂ ಅದೇ ಸೇತುವೆ ಆಯ್ತದೆ, ಅದ್ಕೇ ದಿನಾ ನೋಡ್ಬೇಕು. ಎರಡ್ನೇದು ರೋಗ ಅಲ್ಲ ತಾಯಿ. ಆ ಗೂಡಲ್ಲಿ ರಾಣಿ ಸತ್ತೋಗವ್ಳೆ. ತಾಯಿ ಇಲ್ದೆ ಹೋದಾಗ ದುಡಿಯೋ ನೊಣಗಳೇ ಮೊಟ್ಟೆ ಇಡ್ತವೆ, ಒಂದೊಂದು ಕೋಣೇಲಿ ಮೂರು ನಾಕು. ಅದ್ರಲ್ಲಿ ಹುಟ್ಟೋವೆಲ್ಲ ಗಂಡುನೊಣ. ಹೂವಿಗೂ ಹೋಗಲ್ಲ, ಗೂಡೂ ಕಾಯಲ್ಲ. ದುಡಿಯೋವು ಮುದಿಯಾಗಿ ಸತ್ರೆ ಗೂಡೇ ಖಾಲಿ."

ಹೊನ್ನಾಜಿ ಮುಂದಕ್ಕೆ ಬಾಗಿದಳು. "ಅದಕ್ಕೆ ಮದ್ದಿದೆಯೇ?"

"ಅದು ಒಗಟಲ್ಲಿ ಇರ್ಲಿಲ್ವಲ್ಲ ತಾಯಿ" ಎಂದ ಚೆನ್ನೀರ. ಅಷ್ಟು ಭಯದಲ್ಲೂ ಅವನಿಗೆ ಸಣ್ಣಗೆ ನಗು ಬಂತು. "ಐತೆ. ರಾಣಿ ಇರೋ ಗೂಡಿಂದ ಹೊಸಾ ಮೊಟ್ಟೆ ಇರೋ ಮೇಣದ ಎರಿಯ ಒಂದು ತುಂಡು ಕುಯ್ದು ಇದ್ರಲ್ಲಿ ಇಡ್ಬೇಕು. ಒಂದ್ಸಲಕ್ಕೆ ಆಗ್ದಿದ್ರೆ ವಾರ ಬಿಟ್ಟು ಮತ್ತೆ, ಮತ್ತೆ. ಕಾಲ ಮೀರಿಲ್ದಿದ್ರೆ ತಮ್ಮ ರಾಣೀನ ತಾವೇ ಬೆಳೆಸ್ಕೊತವೆ."

ಮೂರನೆಯದಕ್ಕೆ ಬಂದಾಗ ಅವನು ಅಣ್ಣನನ್ನು ಕರೆದೊಯ್ದ ಬಾಗಿಲ ಕಡೆ ನೋಡಿದ. ಇದಕ್ಕಾಗಿಯೇ ಅಣ್ಣನೊಂದಿಗೆ ಪ್ರತಿ ವರ್ಷ ಜಗಳ.

"ಒಡೆಯ ಕೊಟ್ಟಿದ್ದು ಅರ್ಧ ಎರಿ. ಅಂದ್ರೆ, ಕುಯ್ಯದೆ ಬಿಟ್ಟಿದ್ದು. ಮಳೇಲಿ ಹೂವಿಲ್ಲ, ಅವು ತಿನ್ನೋದು ತಾವು ಕೂಡಿಟ್ಟಿದ್ದನ್ನೇ. ಎಲ್ಲಾ ಹಿಂಡಿ ಬೆಲ್ಲದ ನೀರು ಇಟ್ರೆ ಹೊಟ್ಟೆ ಕೆಟ್ಟು ಸಾಯ್ತವೆ, ಇಲ್ಲಾ ಗೂಡು ಬಿಟ್ಟು ಹೋಯ್ತವೆ. ನಮ್ಮವ್ವ ಅರ್ಧಕ್ಕೇ ಚಾಕು ನಿಲ್ಲಿಸೋಳು."

ಹೊನ್ನಾಜಿ ಎದ್ದು ಬಂದು ಆ ಬಟ್ಟಲನ್ನು ಎತ್ತಿಕೊಂಡಳು.

"ಮೂರೂ ಸರಿ" ಎಂದಳು. "ಎರಡನೆಯದಕ್ಕೆ ಉತ್ತರ ನನಗೆ ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ. ಆ ಗೂಡು ಇಲ್ಲೇ ಇದೆ. ನಾಳೆಯಿಂದ ಈ ತೋಟ ನಿನ್ನದು. ವರ ಕೇಳು."

"ಒಳಗಿರೋ ಮೂವರನ್ನೂ ಬಿಟ್ಬಿಡಿ ತಾಯಿ."

ದೊರೆ ಕೈ ಎತ್ತಿದ. ಬಾಗಿಲು ತೆರೆಯಿತು. ದಳವಾಯಿಯ ಮಗ ಮೀಸೆ ಇಳಿಬಿಟ್ಟುಕೊಂಡು, ಜೋಯಿಸ ಶನಿಯನ್ನು ಮರೆತು ಮನೆಯ ದಾರಿ ಹಿಡಿದರು. ಬೋರಣ್ಣ ಮಾತ್ರ ಅಲ್ಲೇ ತಮ್ಮನ ಹೆಗಲಿಗೆ ಮುಖವಿಟ್ಟು ಮಗುವಿನಂತೆ ಅತ್ತ. ಚೆನ್ನೀರನಿಗೂ ಅಳು ಬಂತು, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೊತ್ತು ಮುಳುಗಿತು, ಯಾರಿಗೂ ಏನೂ ಆಗಲಿಲ್ಲ.

ಮರುವರ್ಷ ತೋಟದ ಗೂಡುಗಳು ಮತ್ತೆ ಹನ್ನೆರಡಾಗುವ ಹೊತ್ತಿಗೆ ಬೋರಣ್ಣನ ಮಡಕೆಗೂ ಹೊಸ ಜೇನು ಬಂದು ಕೂತಿತು. ಹೊಂಗೆಹೂವಿನ ತುಪ್ಪ ತುಂಬಿದ ದಿನ ಅವನು ಚಾಕು ಹಿಡಿದು ಕೂತ. ಚೆನ್ನೀರ ಪಕ್ಕದಲ್ಲೇ ಇದ್ದ. ಅರ್ಧ ಎರಿ ಕುಯ್ದಾಯಿತು. ಚಾಕು ಉಳಿದರ್ಧದ ಬಳಿ ಹೋಯಿತು, ನಿಂತಿತು. ಬೋರಣ್ಣ ತಮ್ಮನ ಮುಖ ನೋಡಿದ, ತನ್ನ ಕುತ್ತಿಗೆ ಒಮ್ಮೆ ಮುಟ್ಟಿ ನೋಡಿಕೊಂಡ, ಮೆಲ್ಲಗೆ ಮುಚ್ಚಳ ಮುಚ್ಚಿದ.