ಆಮೆಯ ದೊಡ್ಡಪ್ಪ

ಕೆರೆ ಏರಿಯ ಮೇಲೆ ನರಿಯನ್ನು ಕಂಡ ಮುದಿ ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

"ಅಜ್ಜಿ, ನಿಮ್ಮ ದೊಡ್ಡಪ್ಪ ತೀರಿಕೊಂಡರು. ಅವರ ಸೌತೆಕಾಯಿ ತೋಟ ನಿಮಗೇ ಬಂದಿದೆ. ಕತ್ತು ಹೊರಗೆ ಚಾಚಿ, ದಾರಿ ತೋರಿಸುತ್ತೇನೆ," ಎಂದಿತು ನರಿ.

"ಯಾವ ದೊಡ್ಡಪ್ಪ? ಏನಾಗಿತ್ತು ಅವರಿಗೆ?" ಎಂದು ಆಮೆ ಒಳಗಿನಿಂದಲೇ ಕೇಳಿತು.

ನರಿ ಕಾಯಿಲೆಯ ಕಥೆ ಕಟ್ಟಿತು. ಆಮೆ ಇನ್ನಷ್ಟು ಕೇಳಿತು. ಅಷ್ಟು ಹೊತ್ತಿಗೆ, ನರಿಯ ಬೆನ್ನ ಹಿಂದೆ ಏರಿಯನ್ನು ದಾಟುತ್ತಿದ್ದ ಬಾತುಕೋಳಿ ಮರಿಗಳೆಲ್ಲ ನೀರಿಗಿಳಿದಿದ್ದವು. ಒಂದೂ ಆಮೆಯತ್ತ ತಿರುಗಿ ನೋಡಲಿಲ್ಲ.

ನರಿಗೆ ಆಗ ಹೊಳೆಯಿತು. "ಸುಳ್ಳೆಂದು ನಿಮಗೆ ಗೊತ್ತಿತ್ತು."

"ಮೊದಲೇ ಗೊತ್ತಿತ್ತು. ನನಗೆ ಯಾರೂ ಇಲ್ಲ. ಆದರೆ ನನ್ನ ಹತ್ತಿರ ಮಾತಾಡುವಷ್ಟು ಹೊತ್ತು ನೀನು ಆ ಮರಿಗಳ ಹತ್ತಿರ ಹೋಗಲಿಲ್ಲ."

ನರಿ ಮುಖ ತಿರುಗಿಸಿ ಹೊರಟಿತು.

"ಇರು," ಎಂದಿತು ಆಮೆ. "ದೊಡ್ಡಪ್ಪ ಕೊನೆಗಾಲದಲ್ಲಿ ನನ್ನ ಹೆಸರೆತ್ತಿದ್ದರೇ?"