ಚಿಕ್ಕಕ್ಕನ ಪಾದೆ

ಬೈಲುಕೇರಿಯ ದಡಕ್ಕೂ ಎದುರಿನ ನಡುಗಡ್ಡೆಗೂ ಮಧ್ಯೆ ಕಡಲು ಕಿರಿದಾಗಿ ಹರಿಯುವ ಜಾಗಕ್ಕೆ ಮೀನುಗಾರರು ಕಂಡಿ ಎನ್ನುತ್ತಾರೆ. ಅದರ ದಡದಲ್ಲಿರುವ ಸೊಂಟದೆತ್ತರದ ಕರಿಬಂಡೆಯೇ ಚಿಕ್ಕಕ್ಕನ ಪಾದೆ. ಪಾದೆ ಎಂದರೆ ಬಂಡೆ. ಕಂಡಿಯ ನೀರು ವರ್ಷಕ್ಕೆರಡು ಸಲ ದಿಕ್ಕು ಬದಲಿಸುತ್ತದೆ. ಮಳೆಗಾಲದ ಗಾಳಿ ಅದನ್ನು ತೆಂಕಿಗೆ, ಅಂದರೆ ದಕ್ಷಿಣಕ್ಕೆ, ದಬ್ಬುತ್ತದೆ. ಮಳೆ ಮುಗಿದು ದಕ್ಷಿಣದಿಂದ ಬೀಸುವ ತೆಂಕುಗಾಳಿ ಎದ್ದ ಮೇಲೆ ನೀರು ಬಡಗಿಗೆ, ಅಂದರೆ ಉತ್ತರಕ್ಕೆ, ತಿರುಗುತ್ತದೆ. ಆದರೆ ಗಾಳಿ ತಿರುಗಿದ ದಿನವೇ ನೀರು ತಿರುಗುವುದಿಲ್ಲ. ಎಂಟು ಹತ್ತು ದಿನ ಬೇಕು. ಕಂಡಿಯ ತೆಂಕುಬಾಯಿಯ ತುಂಬ ಮುಳುಗುಬಂಡೆಗಳಿರುವುದರಿಂದ ಅಷ್ಟು ದಿನ ಯಾರೂ ದೋಣಿ ಇಳಿಸುವಂತಿಲ್ಲ.

ಹಿಂದೆ ಒಮ್ಮೆ ನೀರಿನ ದಿಕ್ಕು ನೋಡಿ ಹೇಳುವ ಕೆಲಸ ಚಿಕ್ಕು ಎಂಬ ವಿಧವೆಯದಾಗಿತ್ತು ಎನ್ನುತ್ತಾರೆ. ಊರಿಗೆಲ್ಲ ಅವಳು ಚಿಕ್ಕಕ್ಕ. ಈ ಪಾದೆಯ ಮೇಲಿಂದ ಅವಳು ಒಂದು ಬೊಂಡವನ್ನು, ಅಂದರೆ ಎಳನೀರು ಕಾಯಿಯನ್ನು, ತೇಲಿಬಿಡುತ್ತಿದ್ದಳು. ಅದು ಬಡಗಿಗೆ ಹೋದರೆ ಮಾತ್ರ ದೋಣಿಗಳು ಇಳಿಯುತ್ತಿದ್ದವು. ಆ ವರ್ಷ ಮಳೆ ಬಿಡದೆ ಹಿಡಿದು ಕೇರಿಯ ಅಕ್ಕಿ ಮುಗಿದಿತ್ತು, ಬಿರುಗಾಳಿಗೆ ತೆಂಗಿನ ಮರಗಳು ಬೋಳಾಗಿದ್ದವು. ಚಿಕ್ಕಕ್ಕನ ತಮ್ಮ ಮರ್ಲನ ಹೆಂಡತಿ ಹೆತ್ತು ಒಂಬತ್ತು ದಿನವಾಗಿತ್ತು. ಹಸಿವಿಗೆ ಅವಳ ಎದೆಹಾಲು ಬತ್ತಿತ್ತು. ಅದನ್ನು ನೋಡಲಾರದೆ ಚಿಕ್ಕಕ್ಕ, ನೀರಿಗೆ ಬಿಡಲೆಂದು ತೆಗೆದಿಟ್ಟಿದ್ದ ಒಂದೇ ಒಂದು ಬೊಂಡವನ್ನು ಬಾಣಂತಿಗೆ ಕುಡಿಸಿದಳು. ಮರುದಿನ ತೆಂಕುಗಾಳಿ ಎದ್ದಾಗ ಅಂಗಳದಲ್ಲಿ ಬಿದ್ದಿದ್ದ ಒಣಕಾಯಿಯನ್ನೇ ಹಿಡಿದು ಬಂದಳು.

"ಅಕ್ಕ, ಬೊಂಡ ಎಲ್ಲಿತ್ತ್?" ಎಂದ ಮರ್ಲ.

"ನಿನ್ನ ಹೆಂಡ್ತಿ ಹೊಟ್ಟಿಯೊಳ್ಗಿತ್ತ್. ಸುಮ್ನೆ ನಿಲ್ಲ್ ಮಾರಾಯ."

ಕಾಯಿ ಬಡಗಿಗೆ ಹೋಯಿತು. "ಮಸಾಲಿ ಕಡ್ದಿಡ್ ಅಕ್ಕ, ಹೊತ್ತ್ ಕಂತುದ್ರೊಳ್ಗೆ ಮೀನ್ ತತ್ತೆ," ಎಂದು ಅವನು ನಗುತ್ತ ದೋಣಿ ನೂಕಿದ.

ಬೊಂಡ ಭಾರವಾಗಿ ನೀರಿನಲ್ಲಿ ಮುಳುಗಿಕೊಂಡೇ ತೇಲುತ್ತದೆ, ಅದನ್ನು ಒಯ್ಯುವುದು ನೀರು. ಒಣಕಾಯಿ ಹಗುರ, ಅದು ಮೇಲೆಯೇ ತೇಲುವುದರಿಂದ ಒಯ್ಯುವುದು ಗಾಳಿ. ಇದು ಚಿಕ್ಕಕ್ಕನಿಗೆ ತಿಳಿಯದ್ದಲ್ಲ. ಆದರೆ ಆ ದಿನ ಅವಳು ಕಾಯಿಗಿಂತ ಹೆಚ್ಚಾಗಿ ತಮ್ಮನ ಮುಖವನ್ನು ನೋಡಿದ್ದಳು. ದೋಣಿಯ ಮೂತಿ ಬಡಗಿಗಿತ್ತು, ಮರ್ಲ ಹುಟ್ಟು ಹಾಕುತ್ತಲೇ ಇದ್ದ. ದೋಣಿ ಮಾತ್ರ ಹಿಂದಕ್ಕೆ, ತೆಂಕಿಗೆ ಜಾರುತ್ತಿತ್ತು. ಅವಳು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ದಡಕ್ಕೆ ಬಂದದ್ದು ಹುಟ್ಟು ಒಂದೇ.

ಅವಳು ಪಾದೆ ಬಿಟ್ಟು ಏಳಲಿಲ್ಲ. ನೆರೆಯೂರಿನಿಂದ ತರಿಸಿದ ಬೊಂಡಗಳನ್ನು ದಿನಕ್ಕೊಂದರಂತೆ ಬಿಟ್ಟಳು. ಒಂಬತ್ತನೆಯದು ಬಡಗಿಗೆ ತಿರುಗಿದಾಗ, "ಈಗ ಹೋಯ್ನಿ," ಎಂದು ಊರವರಿಗೆ ದೋಣಿ ಇಳಿಸಲು ಹೇಳಿ ಕಣ್ಣು ಮುಚ್ಚಿದಳಂತೆ.

ಇಂದಿಗೂ ಮಳೆಗಾಲದ ಕೊನೆಯಲ್ಲಿ ಇಲ್ಲಿಗೆ ಎರಡು ಬೊಂಡ ತರುತ್ತಾರೆ. ಒಂದನ್ನು ಕೇರಿಯ ಬಾಣಂತಿಗೆ ಕೊಟ್ಟ ಮೇಲೆಯೇ ಇನ್ನೊಂದನ್ನು ನೀರಿಗೆ ಬಿಡುತ್ತಾರೆ. ದೋಣಿಗಳ ಬಾವುಟ ಬಡಗಿಗೆ ಹಾರುತ್ತಿರುತ್ತದೆ. ಬೊಂಡ ಮುಳುಗುತ್ತ ಏಳುತ್ತ ತೆಂಕಿಗೆ ಹೋಗುತ್ತದೆ. ದೋಣಿಗಳನ್ನು ಮತ್ತೆ ಮರಳಿನ ಮೇಲಕ್ಕೆ ಎಳೆದಿಡುತ್ತಾರೆ.